ಬಾಯಿ ಅವನದು

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಹೇಳುವವರಿಗೆಲ್ಲ ಹೊಟ್ಟೆ ತುಂಬಿರುತ್ತದೆ. ನಾನು ಹೇಳುವುದಿಲ್ಲ. ಬಹಳ ವರ್ಷಗಳಿಂದ ಧಾರಾವಾಹಿ, ಸಿನಿಮಾಗಳಲ್ಲಿ ನಟಿಸಿಯೇ ಉಣ್ಣುತ್ತಿದ್ದೇನೆ. ಆ ಊಟದ ಜೊತೆ ದಿನವೂ ಒಂಚೂರು ಹೊಟ್ಟೆಕಿಚ್ಚನ್ನು ಉಪ್ಪಿನಕಾಯಿಯ ಹಾಗೆ ನಂಜಿಕೊಂಡಿದ್ದೇನೆ. ಅವರಿವರ ಮೇಲಿನದು ಬೆಳಗಾಗುವುದರೊಳಗೆ ಇಳಿಯುತ್ತದೆ. ಒಬ್ಬನ ಮೇಲಿನದು ಮಾತ್ರ ಇನ್ನೂ ಇಳಿದಿಲ್ಲ. ಅವನು ಒಳ್ಳೆಯವನು ಬೇರೆ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ನಮ್ಮೂರು ನವಲಗುಂದ ತಾಲೂಕಿನ ತಿರ್ಲಾಪುರ. ಅಣ್ಣಿಗೇರಿಯಲ್ಲಿ ಕಾಲೇಜು ಓದುವಾಗ ನಾಟಕ ಮಾಡಿದೆ, ಅಲ್ಲಿನ ಚಪ್ಪಾಳೆ ನಂಬಿ ಬೆಂಗಳೂರಿಗೆ ಹೋದೆ. ಅಲ್ಲಿ ಮೊದಲು ಕಲಿತದ್ದು ನಟನೆಯನ್ನಲ್ಲ, ನನ್ನ ಮಾತು ಬಿಡುವುದನ್ನು. ಪರದೆಯ ಮೇಲೆ ನಮ್ಮ ಕಡೆಯ ಮಾತು ಆಡುವವನು ಒಂದೋ ವಾಚ್‌ಮನ್, ಇಲ್ಲವೇ ಜನರನ್ನು ನಗಿಸುವ ಡ್ರೈವರ್. ಇವೆರಡೂ ಬೇಡವೆಂದು ನಾಲಿಗೆ ತಿದ್ದಿಕೊಂಡೆ. ತಿದ್ದಿಕೊಂಡ ಮೇಲೆ ಸಿಕ್ಕಿದ್ದು ಇನ್ಸ್‌ಪೆಕ್ಟರ್ ಹಿಂದೆ ನಿಲ್ಲುವ ಹವಾಲ್ದಾರನ ಪಾತ್ರ. ಆಮೇಲೆ ನಾಯಕಿಯ ಅಪ್ಪನ ತಮ್ಮನಾದೆ. ಆಪರೇಷನ್ ಮುಗಿಸಿ ಹೊರಗೆ ಬಂದು ತಲೆ ಅಲ್ಲಾಡಿಸುವ ಡಾಕ್ಟರ್ ಆದೆ. ನಾನು ತಲೆ ಅಲ್ಲಾಡಿಸಿ ಕೊಂದವರ ಲೆಕ್ಕ ನನಗೇ ಇಲ್ಲ.

ಊರಲ್ಲಿ ಅವ್ವ ಟಿವಿ ಹಚ್ಚಿ ಕೂಡುತ್ತಿದ್ದಳು. ಅವಳು ಚಷ್ಮಾ ಹುಡುಕಿ ಮೂಗಿಗೆ ಏರಿಸುವಷ್ಟರಲ್ಲಿ ನಾನು ಬಂದು ಹೋಗಿರುತ್ತಿದ್ದೆ. ಆಮೇಲೆ ಫೋನು.

“ಯಾವಾಗ ಬಂದಿ, ಯಾವಾಗ ಹ್ವಾದೀಪಾ? ನಾ ಅಂತೂ ನೋಡಲಿಲ್ಲ.”

ನನಗೆ ದೊಡ್ಡ ಹೆಸರಿನ ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ದೊಡ್ಡ ಆಸೆ ಇದು: ಅವ್ವ ಚಷ್ಮಾ ಹಾಕಿಕೊಂಡ ಮೇಲೂ ನಾನು ಪರದೆಯ ಮೇಲೆ ಉಳಿದಿರಬೇಕು, ಅವಳು ನೋಡಿ ‘ಇಂವಾ ನನ್ನ ಮಗ’ ಅನ್ನಬೇಕು.

ಆ ಕಾಲವೂ ಬಂತು ಅಂದುಕೊಂಡೆ. ನಮ್ಮ ಎರೆಹೊಲಗಳಲ್ಲೇ ನಡೆಯುವ ಒಂದು ಕಥೆಯನ್ನು ಸಿನಿಮಾ ಮಾಡಲು ಒಬ್ಬ ನಿರ್ದೇಶಕರು ಹೊರಟರು. ನಾಯಕನ ಅಣ್ಣನ ಪಾತ್ರ ನನಗೆ ಎಂದರು. ಮೊದಲಿನಿಂದ ಕೊನೆಯವರೆಗೆ ಇರುವ ಪಾತ್ರ. ಚಿತ್ರೀಕರಣ ತಿರ್ಲಾಪುರದಲ್ಲೇ. ನಾನು ಊರಿಗೆಲ್ಲ ಹೇಳಿಬಿಟ್ಟೆ. ಶುರುವಾಗುವ ವಾರ ನಿರ್ದೇಶಕರು ಕರೆದು, ಅಣ್ಣನ ಪಾತ್ರ ಬೇರೆ ಒಬ್ಬ ಹೆಸರಾಂತ ನಟರಿಗೆ ಹೋಯಿತು ಎಂದರು. “ನಿಮ್ಮ ಮುಖವನ್ನು ಜನ ಟಿವಿಯಲ್ಲಿ ಬಹಳ ನೋಡಿಬಿಟ್ಟಿದ್ದಾರೆ” ಎಂಬ ಕಾರಣ ಬೇರೆ. ಹೆತ್ತ ತಾಯಿಗೇ ಕಾಣದ ಮುಖ ಅದು.

“ನಮ್ಮ ಹೀರೊಗೆ ನಿಮ್ಮ ಭಾಷೆ ಕಲಿಸಿಕೊಡಿ. ನೀವಿಲ್ಲದೆ ಆಗಲ್ಲ” ಎಂದರು. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಮದ್ದು ಅರೆಯುವುದಕ್ಕೆ ಮಾತ್ರ ಹಿತ್ತಲಿಗೇ ಬಂದಿದ್ದರು. ಊರಿನವರಿಗೆ ಏನು ಹೇಳುವುದೆಂಬ ಚಿಂತೆಯಲ್ಲೇ ಒಪ್ಪಿಕೊಂಡೆ.

ಹೀರೊ ಬೆಂಗಳೂರಿನ ಹುಡುಗ. ನೋಡಿದರೆ ಮತ್ತೆ ನೋಡಬೇಕೆನಿಸುವ ಮುಖ. ಶ್ರದ್ಧೆಯಿಂದ ಕಲಿತ. ಹೆತ್ತವ್ವನಿಗೆ ‘ಬೇ’ ಅನ್ನುವುದು ಬೈಗುಳವಲ್ಲ, ಮುದ್ದು ಎಂದು ಅವನಿಗೆ ಹೇಳಿಕೊಟ್ಟವನು ನಾನು. ಮರುದಿನ ಮಧ್ಯಾಹ್ನ ಅವ್ವ ಬುಟ್ಟಿಯಲ್ಲಿ ರೊಟ್ಟಿ, ಎಣ್ಣೆಗಾಯಿ ತುಂಬಿಕೊಂಡು ಚಿತ್ರೀಕರಣ ನಡೆಯುತ್ತಿದ್ದ ಹೊಲಕ್ಕೆ ಬಂದಳು. ನೇರ ಅವನ ಮುಂದೆ ಹೋಗಿ ಕುಳಿತಳು.

“ಉಣ್ರಿ, ನಾಚಬ್ಯಾಡ್ರಿ.”

ಅವನು ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದ. ಅದನ್ನೂ ನಾನೇ ಕಲಿಸಿದ್ದೆ. ಎರಡನೇ ರೊಟ್ಟಿ ಹಾಕಲು ಹೋದಾಗ “ಸಾಕ್ ಬೇ ಯವ್ವಾ” ಎಂದ. ಅವ್ವ ಕರಗಿ ನೀರಾದಳು. ಆ ಕ್ಷಣದಿಂದ ‘ರಿ’ ಹೋಯಿತು, ಮಗನನ್ನು ಕರೆಯುವ ‘ತಮ್ಮಾ’ ಬಂತು. ಬೆಣ್ಣೆಯ ಉಂಡೆ ಅವನ ತಾಟಿಗೆ ಬಿತ್ತು. ನಾನು ಬಾಜೂ ಕುಳಿತು, “ಅಮ್ಮ, ನನಗೂ ಸ್ವಲ್ಪ ಬೆಣ್ಣೆ ಹಾಕು” ಎಂದೆ. ತಿದ್ದಿಕೊಂಡ ನಾಲಿಗೆ, ಬಾಯಿ ತಪ್ಪಿ ಬಂತು.

“ನೀ ಯಾಕ ಪುಸ್ತಕ ಓದಿದಂಗ ಮಾತಾಡ್ತಿ?” ಎಂದಳು ಅವ್ವ. “ಅಂವನ್ನ ನೋಡಿ ಕಲಿ.”

ನಾನು ಬೆಣ್ಣೆಯಿಲ್ಲದೆಯೇ ರೊಟ್ಟಿ ಮುರಿದೆ.

ಚಿತ್ರೀಕರಣ ಮುಗಿದ ಮೇಲೆ ಡಬ್ಬಿಂಗ್. ಪರದೆಯ ಮೇಲಿನ ತುಟಿಗೆ ಸರಿಯಾಗಿ ಮಾತನ್ನು ಮತ್ತೆ ಆಡಬೇಕು. ಹೊಲದ ಗಾಳಿಯಲ್ಲಿ ಚೆನ್ನಾಗಿಯೇ ಕೇಳಿದ್ದ ಅವನ ಮಾತು ಮುಚ್ಚಿದ ಕೋಣೆಯಲ್ಲಿ ಸಾಲೆಯ ಹುಡುಗ ಪದ್ಯ ಒಪ್ಪಿಸಿದಂತೆ ಕೇಳತೊಡಗಿತು. ನಿರ್ದೇಶಕರು ಮತ್ತೆ ನನ್ನನ್ನೇ ಕರೆಸಿದರು. ಇಡೀ ಸಿನಿಮಾಕ್ಕೆ ಅವನ ದನಿ ನಾನಾಗಬೇಕು, ಹೊರಗೆ ಯಾರಿಗೂ ಹೇಳಬಾರದು. ಒಪ್ಪಿದೆ. ದೊಡ್ಡ ಮನಸ್ಸಿನಿಂದ ಒಪ್ಪಿದೆ ಎಂದು ಯಾರೂ ತಿಳಿಯಬೇಡಿ. ಅವನ ಪಾಲಿನಲ್ಲಿ ಅರ್ಧವನ್ನಾದರೂ ಕಸಿದುಕೊಳ್ಳಬಹುದಲ್ಲ ಎಂದು ಒಪ್ಪಿದೆ.

ಸಿನಿಮಾದಲ್ಲಿ ಜ್ವರದಲ್ಲಿ ಮಲಗಿದ ತಾಯಿ, ತನ್ನನ್ನು ಬಿಟ್ಟು ಹೋಗುತ್ತೀಯೇನೋ ಎಂದು ಕೇಳುತ್ತಾಳೆ. ಮಗನ ಮಾತಾಗಿ ನಾನು ಹೇಳಿದ್ದು: “ಹೂಂ… ಎಲ್ಲಿ ಹೊಕ್ಕೀನಿ ಬೇ ಯವ್ವಾ, ಇಲ್ಲೇ ಅದೀನಲ್ಲ.” ಬರೆದದ್ದರಲ್ಲಿ ‘ಹೂಂ’ ಇರಲಿಲ್ಲ. ಅದು ತಾನಾಗಿ ಬಂತು. ತೀರಿಹೋದ ನಮ್ಮ ಅಪ್ಪ ಯಾವ ಮಾತಿಗೂ ಮೊದಲು ಗಂಟಲಲ್ಲೇ ಹಾಗೊಂದು ‘ಹೂಂ’ ಅಂದು, ಒಂದಿಷ್ಟು ತಡೆದು, ಆಮೇಲೆ ಬಾಯಿ ತೆರೆಯುತ್ತಿದ್ದ. ಇಷ್ಟು ವರ್ಷ ನಾನು ಮುಚ್ಚಿಟ್ಟಿದ್ದ ದನಿ ಅಪ್ಪನದೇ ಆಗಿತ್ತು. ಗಾಜಿನ ಆಚೆ ನಿರ್ದೇಶಕರು ಕಣ್ಣು ಒರೆಸಿಕೊಂಡರು. ಮುಖ ಕಾಣದಿದ್ದರೆ ಹೋಗಲಿ, ಅವ್ವ ಈ ದನಿಯನ್ನು ಗುರುತಿಸದೆ ಇರಲಾರಳು ಎಂಬ ಧೈರ್ಯ ಬಂತು.

ಸಿನಿಮಾ ಗೆದ್ದಿತು. ಬೆಂಗಳೂರಿನವನ ಬಾಯಲ್ಲಿ ಎಂಥ ಗಟ್ಟಿ ಭಾಷೆ ಎಂದು ಪತ್ರಿಕೆಯವರು ಬರೆದರು. ಅವನು ಫೋನ್ ಮಾಡಿ, “ಹೊಗಳಿಕೆಯೆಲ್ಲ ನಿಮ್ಮದೇ ಸರ್, ನನಗೆ ನಾಚಿಕೆಯಾಗುತ್ತೆ” ಎಂದ. ಮನಸ್ಸಿನಿಂದಲೇ ಹೇಳಿದ. ಅದಕ್ಕೂ ಹೊಟ್ಟೆ ಉರಿಯಿತು. ಬೈದುಕೊಳ್ಳುವುದಕ್ಕಾದರೂ ಅವನು ಒಂದು ನೆಪ ಕೊಡಬಾರದೆ?

ಟಿವಿಯಲ್ಲಿ ಮೊದಲ ಸಲ ಆ ಸಿನಿಮಾ ಬರುವ ದಿನ ನಾನು ಬೇಕೆಂದೇ ಊರಿಗೆ ಹೋದೆ. ಅವ್ವ ಮೊದಲೇ ಚಷ್ಮಾ ಹಾಕಿಕೊಂಡು ಕುಳಿತಿದ್ದಳು. ನಾನು ಅವಳ ಹಿಂದೆ ಗೋಡೆಗೆ ಒರಗಿ ಕುಳಿತೆ. ಸಿನಿಮಾ ನೋಡಲಿಲ್ಲ, ಅವಳನ್ನು ನೋಡಿದೆ. ಜ್ವರದ ದೃಶ್ಯ ಬಂತು. ‘ಹೂಂ’ ಎಂದದ್ದೇ ತಡ, ಅವ್ವನ ಬೆನ್ನು ನೆಟ್ಟಗಾಯಿತು. ಸೆರಗು ಕಣ್ಣಿಗೆ ಹೋಯಿತು.

“ಅಗದಿ ನಿಮ್ಮಪ್ಪನಂಗ ಮಾತಾಡ್ತಾನ ನೋಡು,” ಎಂದಳು. “ಪುಣ್ಯಾತ್ಮ. ಯಾ ಜನ್ಮದಾಗ ನನ್ನ ಹೊಟ್ಟ್ಯಾಗ ಹುಟ್ಟಿದ್ದನೋ ಏನೋ.”

ಯಾರಿಗೂ ಹೇಳಬಾರದೆಂಬ ಮಾತು ನೆನಪಿತ್ತು. ಹೆತ್ತವಳು ಹೊರಗಿನವಳೇ?

“ಅವ್ವಾ, ಆ ದನಿ ನಂದು. ನಾನೇ ಮಾತಾಡೇನಿ.”

ಅವಳು ಪರದೆಯಿಂದ ಕಣ್ಣು ತೆಗೆಯದೆ ನಕ್ಕಳು. “ಹುಚ್ಚಪ್ಪ. ಬಾಯಿ ಅಂವನ್ದು ಅಲ್ಲಾಡಾಕತ್ತೈತಿ, ದನಿ ನಿಂದು ಹ್ಯಾಂಗ ಆಕ್ಕೈತಿ?”

ನನಗೆ ತಡೆಯಲಾಗಲಿಲ್ಲ. ಅವಳ ಕಿವಿಯ ಹತ್ತಿರಕ್ಕೆ ಸರಿದು, ಸ್ಟುಡಿಯೋದಲ್ಲಿ ಹೇಳಿದ ಹಾಗೆಯೇ ಹೇಳಿದೆ. “ಹೂಂ… ಎಲ್ಲಿ ಹೊಕ್ಕೀನಿ ಬೇ ಯವ್ವಾ, ಇಲ್ಲೇ ಅದೀನಲ್ಲ.”

ಅವ್ವ ತಿರುಗಿದಳು. ಚಷ್ಮಾದೊಳಗಿಂದ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ಅವಳು ನನ್ನನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು.

“ಖರೇನ ಅಂವನಂಗ ಅಂದಿ,” ಎಂದಳು. “ಆದ್ರ ಮಂದೀ ನಕಲು ಮಾಡಬ್ಯಾಡ ತಮ್ಮಾ. ನಿಂದು ಏನೈತಿ ಅದನ್ನ ಮಾಡು.”

ನಾನು ಮತ್ತೆ ಬಾಯಿ ತೆರೆದೆ. ಅವಳು ಆಗಲೇ ಟಿವಿಯ ಕಡೆ ಹೊರಳಿದ್ದಳು.

“ಸುಮ್ನ ಕೂಡು,” ಎಂದಳು, “ಅಂವಾ ಮಾತಾಡಾಕತ್ತಾನ.”