ಕರಿಯಕ್ಕನ ಕೈಯಲ್ಲಿ ಉಳಿದ ಪಾದರಸ

ಕೊಪ್ಪದ ಪೇಟೆಯಲ್ಲಿದ್ದ ತ್ರ್ಯಂಬಕ ಡಾಕ್ಟರ ಹಲ್ಲಿನ ಕ್ಲಿನಿಕ್ಕಿಗೆ ಕರಿಯಕ್ಕ ಸೇರಿದ್ದು ಕಸ ಗುಡಿಸಲು. ಎರಡು ವರ್ಷ ಕಳೆಯುವಷ್ಟರಲ್ಲಿ ಹುಳುಕು ಹಲ್ಲಿಗೆ ತುಂಬುವ ಬೆಳ್ಳಿಪುಡಿಗೆ ಪಾದರಸ ಬೆರೆಸಿ ಅರೆಯುವ ಕೆಲಸವೂ ಅವಳದೇ ಆಯಿತು. ಉಳಿದ ಚೂರುಗಳನ್ನು ದಪ್ಪ ಡಬ್ಬಿಯೊಳಗೆ ನೀರಿನಲ್ಲಿ ಮುಳುಗಿಸಿ, ಮುಚ್ಚಳ ಬಿಗಿದು, ಬಿಸಿಲು ತಾಗದ ಕಪಾಟಿನಲ್ಲಿ ಇಡುತ್ತಿದ್ದಳು.

"ಇದಕ್ಕೆ ಬೆಂಕಿ ಕಾವು ಮಾತ್ರ ತಾಗಬಾರ್ದು ಕರಿಯಕ್ಕ. ಅದರ ಆವಿ ಕಣ್ಣಿಗೂ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ. ಸೀದಾ ಎದೆಗೆ ಇಳಿಯುತ್ತೆ" ಎಂದಿದ್ದರು ಡಾಕ್ಟರು.

ಆಮೇಲೆ ಹಲ್ಲಿನ ಬಣ್ಣದ್ದೇ ಸಿಮೆಂಟು ಬಂತು. ಬೆಳ್ಳಿಯನ್ನು ಕೇಳುವವರಿಲ್ಲವಾದರು. ಹೋದ ವರ್ಷ ಡಾಕ್ಟರೂ ತೀರಿಕೊಂಡರು. ಕ್ಲಿನಿಕ್ ಖಾಲಿ ಮಾಡುವ ದಿನ ಕುರ್ಚಿ, ದೀಪ, ಕಪಾಟು ಎಲ್ಲಕ್ಕೂ ಗಿರಾಕಿ ಸಿಕ್ಕಿತು. ಡಬ್ಬಿಗೆ ಯಾರೂ ಇಲ್ಲ.

ಕರಿಯಕ್ಕ ಅದನ್ನು ಚೀಲದಲ್ಲಿಟ್ಟುಕೊಂಡು ಅಲೆದಳು. ಒಂದು ಆಸ್ಪತ್ರೆಯಲ್ಲಿ, "ನಾವೀಗ ಇದನ್ನ ಬಳಸೋದೇ ಇಲ್ಲ, ಒಳಗೆ ತರಬೇಡಿ" ಎಂದರು. ಆಸ್ಪತ್ರೆ ಕಸ ಒಯ್ಯುವ ಗಾಡಿಯವನು, "ಸೂಜಿ, ಹತ್ತಿ ಆದ್ರೆ ಕೊಡಿ. ಪಾದರಸ ನಮ್ಮ ಲಿಸ್ಟಲ್ಲಿಲ್ಲ" ಎಂದ. ಮಾಲಿನ್ಯ ನಿಯಂತ್ರಣ ಕಚೇರಿಯಲ್ಲಿ ಒಬ್ಬ ಅಧಿಕಾರಿ ಅವಳ ಫೋನ್ ನಂಬರ್ ಬರೆದುಕೊಂಡರು. ಫೋನ್ ಬರಲೇ ಇಲ್ಲ. ಹೊಳೆಗೆ ಎಸೆಯಲು ಮನಸ್ಸು ಒಪ್ಪದೆ ಭಂಡಿಗಡಿಯ ತನ್ನ ಮನೆಗೇ ತಂದು, ಒಲೆಯಿಂದ ದೂರ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿಟ್ಟಳು.

ಒಂದು ಸೋಮವಾರ ನೋಡಿದರೆ ಡಬ್ಬಿ ಅಲ್ಲಿರಲಿಲ್ಲ.

"ನಾನೇ ಗುಜರಿ ಕೃಷ್ಣಪ್ಪಂಗೆ ಕೊಟ್ಟೆ ಅಮ್ಮ" ಎಂದ ಮಗ ಯೋಗೇಶ. "ವಿಷ ವಿಷ ಅಂತ ನೀನೇ ಹೇಳ್ತಿದ್ದೆ. ವಿಷ ಮನೇಲಿ ಯಾಕೆ?"

"ಯಾವತ್ತು ಕೊಟ್ಟೆ ಮಾರಾಯ?"

"ಶುಕ್ರವಾರ."

ಸಿಕ್ಕಿದ ಬಸ್ಸು ಹತ್ತಿ ಅವಳು ಹರಿಹರಪುರದ ಕೃಷ್ಣಪ್ಪನ ಮನೆಗೆ ಓಡಿದಳು. ಕೃಷ್ಣಪ್ಪ ಬಾಗಿಲಲ್ಲೇ ಕುಳಿತು ಕೆಮ್ಮುತ್ತಿದ್ದ. ಬೆಳ್ಳಿ ತೆಗೆಯಲೆಂದು ಶನಿವಾರ ಅಡುಗೆಮನೆಯ ಒಲೆಯ ಮೇಲೆಯೇ ಆ ಚೂರುಗಳನ್ನು ಕಾಯಿಸಿದ್ದನಂತೆ. ಅವನ ಹೆಂಡತಿ ತುಂಗಮ್ಮ ಅಲ್ಲೇ ಅನ್ನ ಬಸಿಯುತ್ತಿದ್ದಳು. ಈಗ ಅವಳು ಒಳಗೆ ಗೋಡೆಗೊರಗಿ, ಒಂದೊಂದು ಉಸಿರನ್ನೂ ಎಳೆದೆಳೆದು ತೆಗೆದುಕೊಳ್ಳುತ್ತಿದ್ದಳು. ಶೀತವೆಂದು ಮಾತ್ರೆ ನುಂಗಿಸಿದ್ದರು.

"ಶೀತ ಅಲ್ಲ ಇದು, ಪಾದರಸದ ಹೊಗೆ. ಏಳಿ, ಆಟೋ ಕರೀರಿ" ಎಂದಳು ಕರಿಯಕ್ಕ. ಆಸ್ಪತ್ರೆಯಲ್ಲಿ ಸಿಕ್ಕಿದ ನರ್ಸು, ಡಾಕ್ಟರು, ಎಲ್ಲರೆದುರೂ ಅದನ್ನೇ ಮತ್ತೆ ಮತ್ತೆ ಹೇಳಿದಳು. ತುಂಗಮ್ಮನಿಗೆ ಆಮ್ಲಜನಕದ ನಳಿಕೆ ಹಾಕಿ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು.

ಆಂಬುಲೆನ್ಸ್ ಹತ್ತುವ ಮೊದಲು ಕೃಷ್ಣಪ್ಪ ಕರಿಯಕ್ಕನತ್ತ ತಿರುಗಿದ. "ಇಷ್ಟೆಲ್ಲ ಗೊತ್ತಿದ್ದೋರು ನೀವು ಅದನ್ನ ಮನೇಲಿ ಯಾಕೆ ಇಟ್ಕೊಂಡಿದ್ರಿ ಅಕ್ಕ?"

ಅಲೆದ ಕಚೇರಿಗಳೆಲ್ಲ ಒಟ್ಟಿಗೇ ನಾಲಿಗೆಯ ತುದಿಗೆ ಬಂದವು. ಅವಳು ಆಂಬುಲೆನ್ಸಿನ ಬಾಗಿಲು ಹಿಡಿದು ಅವನನ್ನು ಹತ್ತಿಸಿದಳು.

ತುಂಗಮ್ಮ ಇಪ್ಪತ್ತೆರಡು ದಿನಗಳ ಮೇಲೆ ಮನೆಗೆ ಬಂದಳು. ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಈಗಲೂ ಎರಡು ಕಡೆ ಕುಳಿತು ಸುಧಾರಿಸಿಕೊಳ್ಳುತ್ತಾಳೆ. ಕರಿಯಕ್ಕ ಆಗಾಗ ಹೋಗಿ ಅವಳಿಗೆ ನೀರು ಸೇದಿ ಕೊಡುತ್ತಾಳೆ.