ಕುದುರೆಗಿಂತ ಮೊದಲು ಗಾಡಿ ಎಳೆಯುವ ನಿಂಗಯ್ಯ

ಮೈಸೂರಿನ ಗಾಡಿ ಚೌಕದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಂದು ಜಟಕಾ ನಿಧಾನವಾಗಿ ಸುತ್ತು ಹಾಕುತ್ತಿದೆ. ಒಳಗೆ ಕಾಲು ಮಡಿಸಿ ಕೂತಿರುವವರು ಗಾಡಿಯ ಯಜಮಾನ ಸಿದ್ದರಾಜು. ಅವರ ಕುದುರೆ ಮಲ್ಲಿ, ಮರದ ಕೆಳಗೆ ನಿಂತು ಹುರುಳಿ ಮೆಲ್ಲುತ್ತಿದೆ. ಗಾಡಿ ಎಳೆಯುತ್ತಿರುವವರು ಐವತ್ತು ದಾಟಿದ ಒಬ್ಬ ಮನುಷ್ಯ. ಕುದುರೆಯ ಪಟ್ಟಿ ಅವರ ಎದೆಯ ಮೇಲಿದೆ.

"ಏನ್ ನಿಂಗಣ್ಣ, ನಿನಗೂ ಒಂದು ಸೇರು ಹುರುಳಿ ಹಾಕ್ಲಾ?" ಕಾಫಿ ಅಂಗಡಿಯಿಂದ ಯಾರೋ ಕೂಗುತ್ತಾರೆ.

"ಮಲ್ಲಿ ಹುರುಳೀನೆಲ್ಲ ಸಿದ್ದರಾಜನೇ ತಿಂದವ್ನೆ ಕಣೋ. ಎಳೆದ್ರೆ ಗೊತ್ತಾಯ್ತದೆ!"

ನಿಂಗಯ್ಯ ಕುದುರೆಗಳ ಜೀನು, ಪಟ್ಟಿ ಹೊಲಿಯುವವರು. ಹೊಲಿದ ಪಟ್ಟಿಯನ್ನು ತಾವೇ ತೊಟ್ಟು ಗಾಡಿ ಎಳೆದು ನೋಡದೆ ಯಾರಿಗೂ ಕೊಡುವುದಿಲ್ಲ. ಇಂದಿನ ಪಟ್ಟಿ ಸಾಮಾನ್ಯದ್ದಲ್ಲ. ಹಳೆಯ ಪಟ್ಟಿ ಉಜ್ಜಿ ಮಲ್ಲಿಯ ಹೆಗಲಿನಲ್ಲಿ ಹುಣ್ಣಾಗಿತ್ತು. ವಾರಗಟ್ಟಲೆ ಮದ್ದು ಹಚ್ಚಿದ ಮೇಲೆ ಈಗಷ್ಟೇ ಮಾಸಿದೆ. "ಇನ್ನೊಂದ್ಸಲ ಹುಣ್ಣಾದ್ರೆ ಮಾರ್ಬುಡ್ತೀನಿ," ಎಂದು ಸಿದ್ದರಾಜು ಹೇಳಿಬಿಟ್ಟಿದ್ದಾರೆ. "ನಿಂತು ತಿನ್ನೋ ಕುದುರೇನ ಎಷ್ಟು ದಿನ ಸಾಕ್ಲಿ?" ಎಳೆಯಲಾರದ ಕುದುರೆಯನ್ನು ಕೊಳ್ಳುವವರು ಅದನ್ನು ಗಾಡಿಗೆ ಕಟ್ಟುವುದಿಲ್ಲ ಎಂಬುದು ಚೌಕದಲ್ಲಿ ಎಲ್ಲರಿಗೂ ಗೊತ್ತು. ಇಂದು ಶುಕ್ರವಾರ, ದೇವಿಯ ಬೆಟ್ಟದ ಪಾದಕ್ಕೆ ಹೋಗುವವರು ಹೆಚ್ಚು. ಮಲ್ಲಿ ಇಂದೇ ಗಾಡಿಗೆ ಬರಬೇಕೆಂದು ಸಿದ್ದರಾಜು ಹಟ ಹಿಡಿದಿದ್ದಾರೆ.

ತಾವೇ ಎಳೆದು ನೋಡುವ ಈ ಪದ್ಧತಿಯನ್ನು ನಿಂಗಯ್ಯ ಮೈಸೂರಿನಲ್ಲಿ ಕಲಿಯಲಿಲ್ಲ. ಕಲಿತದ್ದು ದಕ್ಷಿಣ ಧ್ರುವದ ಹಿಮದ ಮೇಲೆ.

ಅವರ ತಂದೆ ಇಲವಾಲದಿಂದ ಬಂದು ಅರಮನೆಯ ಲಾಯ ಸೇರಿದವರು. ಮಗ ಅಲ್ಲಿಯೇ ತೊಗಲಿನ ಕೆಲಸ ಕಲಿತರು. "ಅಲ್ಲಿ ಪಟ್ಟಿ ಹೊಳೀಬೇಕಿತ್ತು ಸ್ವಾಮಿ. ಕುದುರೆಗೆ ಎಂಗದೆ ಅಂತ ಯಾರೂ ಕೇಳ್ತಿರ್ಲಿಲ್ಲ, ನಾನೂ ಕೇಳ್ಲಿಲ್ಲ," ಎಂದು ನಿಂಗಯ್ಯ ನನಗೆ ಹೇಳಿದರು. ಸ್ವಾತಂತ್ರ್ಯದ ನಂತರ ಲಾಯ ಬರಿದಾಗುತ್ತಾ ಬಂತು. ಅಲ್ಲಿಗೆ ಬಂದುಹೋಗುತ್ತಿದ್ದ ಒಬ್ಬ ವಿದೇಶಿ ಪಶುವೈದ್ಯರು ಧ್ರುವಪ್ರದೇಶದ ಸಂಶೋಧನಾ ನೆಲೆಯೊಂದಕ್ಕೆ ನಾಯಿಗಳ ವೈದ್ಯರಾಗಿ ಹೊರಟಾಗ, ಬಂಡಿ ಎಳೆಯುವ ಆ ನಾಯಿಗಳಿಗೆ ಪಟ್ಟಿ ಹೊಲಿಯಲು ನಿಂಗಯ್ಯನವರನ್ನು ಕರೆದೊಯ್ದರು.

ಹಿಮದ ನಡುವೆ ಒಂದು ಮರದ ಮನೆ, ಒಂದು ಒಲೆ, ಹತ್ತಾರು ಜನ. ಕುಡಿಯುವ ನೀರಿಗೂ ಹಿಮವನ್ನು ಗರಗಸದಲ್ಲಿ ಕೊಯ್ದು ಒಲೆಯ ಮೇಲೆ ಕರಗಿಸಬೇಕು. ಚಳಿಗಾಲದಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಆದರೂ ಯಾರಾದರೊಬ್ಬರು ಕಂದೀಲು ಹಿಡಿದು ಹೊರಗೆ ಹೋಗಿ ಉಷ್ಣತೆ, ಗಾಳಿಯ ವೇಗ ನೋಡಿ ಬರುತ್ತಿದ್ದರು. "ದೇವ್ರ ಮುಂದೆ ದೀಪ ಹಚ್ಚೋ ಅಂಗೆ. ಒಂದಿನಾನೂ ತಪ್ಪಿಸ್ತಿರ್ಲಿಲ್ಲ." ಸೀಲ್ ಎಂಬ ಕಡಲಪ್ರಾಣಿಯ ಹೆಪ್ಪುಗಟ್ಟಿದ ಮಾಂಸವನ್ನು ಕೊಡಲಿಯಿಂದ ಕಡಿದು ನಾಯಿಗಳಿಗೆ ಹಾಕುವುದು ನಿಂಗಯ್ಯನವರ ಪಾಲಿನ ಕೆಲಸ. ಹೆಂಡತಿ ಬೆಟ್ಟಮ್ಮ ಕಟ್ಟಿಕೊಟ್ಟ ಹುಳಿಪುಡಿ ಬೇಗ ಮುಗಿಯಿತು. ಖಾಲಿ ಡಬ್ಬಿಯನ್ನು ಬಿಳಿಯರೂ ಮೂಸಿ ನೋಡುತ್ತಿದ್ದರಂತೆ.

ಸೂರ್ಯ ಮರಳಿದ ಮೇಲೆ ಇಬ್ಬರು ವಿಜ್ಞಾನಿಗಳು ನಾಯಿಬಂಡಿಯಲ್ಲಿ ದೂರ ಹೋಗಿ ಹಿಮದ ದಪ್ಪ ಅಳೆದು ಬರಬೇಕಿತ್ತು. ಅದಕ್ಕಾಗಿ ನಿಂಗಯ್ಯ ಚಳಿಗಾಲವಿಡೀ ಕೂತು, ಅರಮನೆಯ ಮಾದರಿಯಲ್ಲೇ, ಕೊಬ್ಬು ತಿಕ್ಕಿ ಮೆದುಮಾಡಿದ ತೊಗಲಿನ ಪಟ್ಟಿಗಳನ್ನು ಹೊಲಿದರು. ಅಭ್ಯಾಸವಾಗಲೆಂದು ಒಂದು ಸಂಜೆ ನಾಯಿಗಳಿಗೆ ತೊಡಿಸಿದರು. ಬೆಳಿಗ್ಗೆ ಹಿಮದ ಮೇಲೆ ಹಿತ್ತಾಳೆಯ ಬಕಲುಗಳು ಮಾತ್ರ ಉಳಿದಿದ್ದವು. ಯೋಚಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಕೊಬ್ಬು ಕುಡಿದ ತೊಗಲು ಆ ಚಳಿಯಲ್ಲಿ ನಾಯಿಗೆ ಆಹಾರವೇ.

"ಎಲ್ಲಾರೂ ಬಿದ್ದು ಬಿದ್ದು ನಕ್ರು. ಭೂಮಿ ಬಾಯಿ ಬುಡಬಾರ್ದಾ ಅನ್ನಿಸ್ತು. ಅಲ್ಲಿ ಭೂಮಿಯೂ ಕಾಣಾಕಿಲ್ವಲ್ಲ, ಬರೀ ಐಸು!"

ಎರಡನೆಯ ಸಲ ಕ್ಯಾನ್ವಾಸಿನಲ್ಲಿ ಹೊಲಿದರು. ನಾಯಿಗಳು ತಿನ್ನಲಿಲ್ಲ. ಆದರೆ ಮುಂದಾಳು ನಾಯಿಯ ಕಂಕುಳು ಸುಲಿದು ರಕ್ತ ಬಂತು. ಆ ನಾಯಿಗೆ ನಿಂಗಯ್ಯ ಗೌರಿ ಎಂದು ಹೆಸರಿಟ್ಟಿದ್ದರು. ಮಾಂಸವಿದ್ದದ್ದು ದುಡಿಯುವ ನಾಯಿಗಳಿಗಷ್ಟೇ. ಎಳೆಯಲಾರದ ನಾಯಿಗೆ ಗುಂಡು ಹಾರಿಸುವುದು ಅಲ್ಲಿಯ ಕ್ರಮ. ನೆಲೆಯ ಮುಖ್ಯಸ್ಥರು ಒಂದು ವಾರ ಗಡುವು ಕೊಟ್ಟರು. "ಅವರ ತಪ್ಪಲ್ಲ ಸ್ವಾಮಿ. ಹೊಲಿಗೆ ನಂದು."

ಪಟ್ಟಿ ಎಲ್ಲಿ ಕಚ್ಚುತ್ತದೆಂದು ನಾಯಿ ಹೇಳಲಾರದು. ನಿಂಗಯ್ಯ ಅಂಥದೇ ಪಟ್ಟಿಯನ್ನು ತಮ್ಮ ಅಳತೆಗೆ ಹೊಲಿದು ತೊಟ್ಟರು. ಹಿಂದೆ ಕಲ್ಲಿದ್ದಲಿನ ಮೂಟೆ ಕಟ್ಟಿಕೊಂಡು ಮನೆಯೊಳಗೆಲ್ಲ ಅಂಬೆಗಾಲಿಟ್ಟು ಎಳೆದರು. ಇಸ್ಪೀಟು ಆಡುತ್ತಿದ್ದವರು ಎಲೆ ಕೆಳಗಿಟ್ಟು ನಕ್ಕರು. ನಾಲ್ಕು ಸುತ್ತು ಎಳೆಯುವಷ್ಟರಲ್ಲಿ ಕಾರಣ ಸಿಕ್ಕಿತು. ಜಟಕಾದಲ್ಲಿ ಕುದುರೆಯನ್ನು ಕಟ್ಟುವ ಮರ ಅದರ ಎದೆಯ ಮಟ್ಟದಲ್ಲಿದ್ದರೆ, ಹಿಮದ ಬಂಡಿಯ ಭಾರ ನೆಲದ ಮಟ್ಟದಲ್ಲಿದೆ. ಆ ಎಳೆತಕ್ಕೆ ಪಕ್ಕದ ಪಟ್ಟಿ ಜಗ್ಗಿ ಕಂಕುಳನ್ನು ಉಜ್ಜುತ್ತಿತ್ತು. ಪಟ್ಟಿಯನ್ನು ಬೆನ್ನಿನ ಮೇಲಕ್ಕೆ ತಿರುಗಿಸಿ, ಅದರ ಅಡಿಯಲ್ಲಿ ತಮ್ಮ ಕಂಬಳಿಯ ತುಂಡು ಕೊಟ್ಟು ಹೊಲಿದರು. ಗಾಯ ಮಾಯ್ದ ಗೌರಿ ಎಲ್ಲಕ್ಕಿಂತ ಮುಂದೆ ನಿಂತು ಹೊರಟಿತು.

"ಅವ್ರು ವಾಪಸ್ ಬಂದಾಗ ಓಡೋಗಿ ಗೌರಿ ಕಂಕುಳಿಗೆ ಕೈ ಹಾಕ್ದೆ. ಬೆಚ್ಚಗಿತ್ತು, ಒಣಗಿತ್ತು. ಬಂಡಿ ಜೊತೆಗಿದ್ದ ಇಬ್ಬರನ್ನ ಮಾತಾಡ್ಸೋದೇ ಮರ್ತೋಯ್ತು."

ಈ ಕತೆ ಹೇಳಿದಾಗಲೆಲ್ಲ ಬೆಟ್ಟಮ್ಮನವರ ಮಾತು ಒಂದೇ: "ಅಷ್ಟು ದೂರ ಓಗಿ ಕಲ್ತು ಬಂದಿದ್ದೇನು ಅಂದ್ರೆ, ಕುದುರೆ ಆಗೋದು!"

ಚೌಕದಲ್ಲಿ ಮೂರನೆಯ ಸುತ್ತು ಮುಗಿಯುತ್ತಿದೆ. ನಿಂಗಯ್ಯ ಏದುಸಿರು ಬಿಡುತ್ತಾ ನಿಲ್ಲುತ್ತಾರೆ. ಏನಾದರೂ ಆಸೆ ಉಂಟೇ ಎಂದು ನಾನು ಕೇಳುತ್ತೇನೆ.

"ಚೌಕದ ಗಾಡಿಯೋರೆಲ್ಲ ಒಂದೊಂದ್ಸಲ ಇದನ್ನ ತೊಟ್ಕೊಂಡು ಎಳೀಬೇಕು. ಇನ್ನೇನೂ ಬ್ಯಾಡ."

"ನನ್ನ ನೋಡ್ಕೊಂಡೇ ಹೇಳ್ತೀಯಲ್ಲ!" ಎಂದು ಸಿದ್ದರಾಜು ಕೆಳಗಿಳಿಯುತ್ತಾರೆ. "ಕೊಡಿಲ್ಲಿ. ನೀನು ಹತ್ತು."

ಕಾಫಿ ಅಂಗಡಿ ಖಾಲಿಯಾಗಿ ಎಲ್ಲರೂ ರಸ್ತೆಗೆ ಬರುತ್ತಾರೆ. ಜಟಕಾ ಹತ್ತಿ ಕೂತ ನಿಂಗಯ್ಯ ಗತ್ತಿನಿಂದ ಕೇಳುತ್ತಾರೆ: "ಬೆಟ್ಟದ ಪಾದಕ್ಕೆ ಎಷ್ಟು ತಗೋತೀಯಪ್ಪ?" ಪಟ್ಟಿ ತೊಟ್ಟ ಸಿದ್ದರಾಜು ಮುಂದಕ್ಕೆ ಬಾಗಿ ಎಳೆಯುತ್ತಾರೆ. ಅರ್ಧ ಸುತ್ತಿಗೇ ನಿಂತು, ಎಡ ಹೆಗಲನ್ನು ಮುಟ್ಟಿ ನೋಡಿಕೊಳ್ಳುತ್ತಾರೆ.

"ನಿಂಗಣ್ಣ, ಇಲ್ಲಿ ಉಜ್ತದೆ ಕಣಣ್ಣ."

"ನಂಗೂ ಅಲ್ಲೇ ಉಜ್ಜಿತ್ತು. ಬಿಚ್ಚಿ ಹೊಲಿಯೋ ಹೊತ್ಗೆ ಸಂಜೆ ಆಯ್ತದೆ. ಶುಕ್ರವಾರ ಬೇರೆ..."

ಸಿದ್ದರಾಜು ಮಲ್ಲಿಯ ಕಡೆ ನೋಡುತ್ತಾರೆ. "ಆಗ್ಲಿ ಬುಡು. ಶುಕ್ರವಾರ ಮುಂದಿನ ವಾರಾನೂ ಬತ್ತದೆ."

ನಿಂಗಯ್ಯ ಗಾಡಿಯಿಂದಿಳಿದು ಪಟ್ಟಿ ತೆಗೆದುಕೊಳ್ಳುತ್ತಾರೆ. ಮರದ ಕೆಳಗೆ ಕೂತು ದಬ್ಬಳಕ್ಕೆ ದಾರ ಪೋಣಿಸುತ್ತಾ ಮಲ್ಲಿಯನ್ನಷ್ಟೇ ಕೇಳುತ್ತಾರೆ: "ಕೇಳಿಸ್ಕೊಂಡ್ಯೇನವ್ವ?"