ಹನ್ನೆರಡು ಪರದೆ, ಮೂರು ಕೂಗು

ಬೆಳಗಿನ ಆರು ಗಂಟೆ. ಹಳೆಯ ಕೋರ್ಟಿನ ದೊಡ್ಡ ಸಭಾಂಗಣದಲ್ಲಿ ಇನ್ನೂ ದೀಪ ಹಾಕಿಲ್ಲ. ಸಾಕ್ಷಿ ಕಟ್ಟೆಯ ಮೂರು ಮೆಟ್ಟಿಲು ಹತ್ತಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಗಂಟಲು ಸರಿಮಾಡಿಕೊಂಡು ಕೂಗಣ್ಣ ಕೂಗುತ್ತಾರೆ: "ಹಾಜರಿದ್ದೀರಾ..." ಒಮ್ಮೆ ವೇದಿಕೆಯ ಕಡೆಗೆ, ಒಮ್ಮೆ ಕಿಟಕಿಗಳ ಕಡೆಗೆ, ಕೊನೆಗೆ ಬಾಗಿಲ ಕಡೆಗೆ. ನಾನೂರ ಹನ್ನೆರಡು ಖಾಲಿ ಕುರ್ಚಿಗಳಲ್ಲಿ ಒಂದೂ ಓಗೊಡುವುದಿಲ್ಲ. ಹಿಂದಿನ ಸಾಲಿನಲ್ಲಿ ನೆಲ ಒರೆಸುತ್ತಿರುವ ಅವರ ಹೆಂಡತಿಯೂ ತಲೆಯೆತ್ತುವುದಿಲ್ಲ.

ಈ ಕಟ್ಟಡ ಸಾಂಸ್ಕೃತಿಕ ಕೇಂದ್ರವಾಗಿ ಹನ್ನೊಂದು ವರ್ಷ. ನ್ಯಾಯಾಧೀಶರ ಪೀಠವಿದ್ದಲ್ಲಿ ಈಗ ಸಂಗೀತಗಾರರು ಕೂರುತ್ತಾರೆ. ಕೈದಿಗಳನ್ನು ಕೂಡಿಡುತ್ತಿದ್ದ ಕೋಣೆಯಲ್ಲಿ ಚಿತ್ರಪ್ರದರ್ಶನ. ನೋಡಲು ಬಂದವರೆಲ್ಲ ಕಂಬಗಳನ್ನೂ ಗುಮ್ಮಟವನ್ನೂ ಕತ್ತೆತ್ತಿ ನೋಡಿ ಬೆರಗಾಗುತ್ತಾರೆ. ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತವರನ್ನು ಶೌಚಾಲಯ ಎಲ್ಲಿ ಎಂದು ಕೇಳುತ್ತಾರೆ. ಕೂಗಣ್ಣ ಅದನ್ನೂ ಅಷ್ಟೇ ಗಾಂಭೀರ್ಯದಿಂದ ತೋರಿಸುತ್ತಾರೆ.

ಮೂವತ್ತೊಂದು ವರ್ಷ ಇದೇ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗಿದ ಜವಾನ ಅವರು. ದಿನಕ್ಕೆ ಅರವತ್ತು ಹೆಸರು, ಒಂದೊಂದಕ್ಕೆ ಮೂರು ಕೂಗು. ಕೋರ್ಟು ಹೊಸ ಕಟ್ಟಡಕ್ಕೆ ಹೋದ ವರ್ಷವೇ ನಿವೃತ್ತಿಯಾಯಿತು. ಇಲ್ಲಿ ನಡೆದ ಮೊದಲ ಸಂಗೀತ ಕಛೇರಿಯಲ್ಲಿ ದನಿಗೆ ದನಿ ಡಿಕ್ಕಿ ಹೊಡೆದು ಎಲ್ಲ ಕಲಸುಮೇಲೋಗರವಾದಾಗ, "ಎಡಗಡೆ ನಾಲ್ಕು ಪರದೆ ಎಳೀರಿ ಸಾರ್" ಎಂದವರು ಇವರೇ. ಅಂದಿನಿಂದ ಹನ್ನೆರಡು ಕಿಟಕಿಗಳ ದಪ್ಪ ಪರದೆಗಳಲ್ಲಿ ಯಾವ ಕಾರ್ಯಕ್ರಮಕ್ಕೆ ಎಷ್ಟು ಮುಚ್ಚಬೇಕೆಂದು ಹೇಳುವ ಕೆಲಸ ಅವರದ್ದು.

"ಕೂಗಿದ ದನಿ ಗೋಡೆ ಮುಟ್ಟಿ ವಾಪಸ್ ಬರುತ್ತಲ್ಲ, ಅದು ಸಾಯೋವರೆಗೂ ಬೆರಳು ಮಡಚ್ತೀನಿ. ಮೂರು ಬೆರಳಾದ್ರೆ ಪಿಟೀಲಿಗೆ ಸರಿ. ಭಾಷಣಕ್ಕೆ ಒಂದು ಬೆರಳೂ ಜಾಸ್ತೀನೇ" ಎನ್ನುತ್ತಾರೆ. "ಸಂಜೆ ಜನ ತುಂಬ್ತಾರೆ ಅನ್ನೋದಾದ್ರೆ ಎರಡು ಪರದೆ ಕಳೀಬೇಕು. ಜನಾನೂ ಪರದೆ ಇದ್ದ ಹಾಗೇ."

ಇಷ್ಟನ್ನು ಹೇಳಿ ಸುಮ್ಮನಿದ್ದಿದ್ದರೆ ಈ ಬರಹ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ಕೂಗಣ್ಣ ಸ್ಟೂಲಿನಿಂದ ಎದ್ದು ನಿಲ್ಲುತ್ತಾರೆ. "ಪೇಪರಲ್ಲಿ ಸುಳ್ಳು ಬರಬಾರ್ದು. ಒಂದೂವರೆ ವರ್ಷದಿಂದ ನನಗೆ ಆ ವಾಪಸ್ ಬರೋ ದನಿ ಕೇಳಿಸ್ತಾನೇ ಇಲ್ಲ."

ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿ ಹತ್ತಿರದ ಮಾತಿಗಷ್ಟೇ ಸಾಕು. ಕೂಗುವುದು ಇವರು, ಕೇಳಿಸಿಕೊಳ್ಳುವುದು ಹಿಂದಿನ ಸಾಲಿನ ಹೆಂಡತಿ. ಹತ್ತು ವರ್ಷ ಆ ಕೂಗಿನ ಕೆಳಗೇ ನೆಲ ಒರೆಸಿದವರಿಗೆ ಲೆಕ್ಕ ತಾನಾಗಿ ಬಂದಿದೆ. ಒರೆಸುವ ಕೋಲಿನ ಮೇಲೆ ಎಷ್ಟು ಬೆರಳು ಬಿಡಿಸಿಟ್ಟರೋ ಅಷ್ಟು ಪರದೆ. ಐದಕ್ಕಿಂತ ಹೆಚ್ಚಾದರೆ ಎರಡೂ ಕೈ.

ಹೋದ ತಿಂಗಳು ಹೆಂಡತಿ ತಮ್ಮ ತಂಗಿಯ ಮಗಳ ಬಾಣಂತನಕ್ಕೆಂದು ನಾಲ್ಕು ದಿನ ಹೋಗಿದ್ದರು. ಒಂದು ನಾಟಕ ವಾಚನವಿತ್ತು. ಕೂಗಣ್ಣ ಅಂದಾಜಿನ ಮೇಲೆ ಮೂರು ಪರದೆ ಎಂದರು, ಬೇಕಿದ್ದದ್ದು ಒಂಬತ್ತು. ಒಂದು ಮಾತೂ ತಿಳಿಯದೆ ಜನ ಅರ್ಧಕ್ಕೇ ಎದ್ದು ಹೋದರು. ಬೈಗುಳ ಬಿದ್ದದ್ದು ಮೈಕಿನವನಿಗೆ. ಅಂದಿನಿಂದ ಅವನನ್ನು ಕೆಲಸಕ್ಕೆ ಕರೆದಿಲ್ಲ.

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ಹೇಳದಿದ್ರೆ ಅವನದ್ದು ಹೋಗುತ್ತೆ. ತಿಂಗಳಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ" ಎನ್ನುತ್ತಾರೆ ಕೂಗಣ್ಣ.

"ಇಳಿದಿದೆ ಬಿಡಿ, ಬಡಿಸೋಳು ನಾನಲ್ವಾ. ನಿದ್ದೆ ಬಂದಿಲ್ಲ ಅನ್ನಿ, ಒಪ್ತೀನಿ" ಎನ್ನುತ್ತಾರೆ ಹೆಂಡತಿ, ಬಟ್ಟೆ ಹಿಂಡುತ್ತಾ.

ಎಂಟು ಗಂಟೆಗೆ ವ್ಯವಸ್ಥಾಪಕರು ಬರುತ್ತಾರೆ. ಕೂಗಣ್ಣ ಗುಂಡಿ ಹಾಕಿಕೊಂಡು ಅವರ ಮೇಜಿನ ಮುಂದೆ ನಿಂತು, ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಸಾವಿರಾರು ಸಾಕ್ಷಿಗಳನ್ನು ಕಟ್ಟೆಗೆ ಕರೆದ ಮನುಷ್ಯ ಇವತ್ತು ಸ್ವತಃ ಸಾಕ್ಷಿ. ವ್ಯವಸ್ಥಾಪಕರು ಕನ್ನಡಕ ತೆಗೆದು ಒರೆಸುತ್ತಾರೆ, ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತು. ಆಮೇಲೆ ಫೋನ್ ಎತ್ತಿ ಮೈಕಿನವನಿಗೆ, "ತಪ್ಪು ನಿಂದಲ್ಲಪ್ಪ, ಸಂಜೆ ಬಂದ್ಬಿಡು" ಎನ್ನುತ್ತಾರೆ.

"ಇಷ್ಟು ದಿನ ಮುಚ್ಚಿಟ್ಟಿದ್ದು ಸರಿಯಲ್ಲ" ಎಂದು ಕೂಗಣ್ಣನ ಕಡೆ ತಿರುಗುತ್ತಾರೆ. "ಅದಿರಲಿ, ಇವತ್ತಿನ ಪಿಟೀಲಿಗೆ ಎಷ್ಟು ಪರದೆ?"

ಕೂಗಣ್ಣ ಬಾಗಿಲಲ್ಲಿ ನಿಂತ ಹೆಂಡತಿಯ ಕಡೆ ನೋಡುತ್ತಾರೆ.

"ಬೆಳಿಗ್ಗೆ ಒದ್ದೆ ನೆಲದಲ್ಲಿ ಕೇಳಿದ್ದು ಸಾರ್. ಇನ್ನೊಂದು ಸಲ ಕೂಗ್ಲಿ, ಹೇಳ್ತೀನಿ."

ಮೂವರೂ ಸಭಾಂಗಣಕ್ಕೆ ಬರುತ್ತಾರೆ. ನಿಮಗೇನಾದರೂ ಬೇಕಿತ್ತೇ ಎಂದು ವ್ಯವಸ್ಥಾಪಕರು ಕೇಳಿದರೆ ಕೂಗಣ್ಣನ ಬೇಡಿಕೆ ಒಂದೇ: "ಅವಳು ನಿಂತ್ಕೊಂಡೇ ಕೇಳ್ತಾಳೆ ಸಾರ್. ಕೂತ್ಕೊಂಡು ಕೇಳೋ ಹಾಗಾದ್ರೆ ಸಾಕು." ವ್ಯವಸ್ಥಾಪಕರು ತಾವೇ ಹಿಂದಿನ ಸಾಲಿನ ಒಂದು ಕುರ್ಚಿಯ ಮಡಚಿದ ಸೀಟನ್ನು ಬಿಡಿಸುತ್ತಾರೆ. ದಿನವೂ ಒರೆಸಿದ ಕುರ್ಚಿಯಲ್ಲಿ ಆಕೆ ಮೊದಲ ಸಲ ಕೂರುತ್ತಾರೆ, ಅದೂ ಅಂಚಿನಲ್ಲಿ.

ಕೂಗಣ್ಣ ಕಟ್ಟೆ ಹತ್ತಿ ಮೂರು ಸಲ ಕೂಗುತ್ತಾರೆ: "ಹಾಜರಿದ್ದೀರಾ..." ಮೂರನೆಯದು ಗುಮ್ಮಟ ಸುತ್ತಿ ಬಂದು ನಿಧಾನವಾಗಿ ಆರುತ್ತದೆ. ಈ ಸಲ ಬೆರಳು ಏಳುವುದಿಲ್ಲ. ಇನ್ನು ಕದ್ದು ಹೇಳುವ ಅಗತ್ಯವಿಲ್ಲವಲ್ಲ. ಹಿಂದಿನ ಸಾಲಿನಿಂದ, ಗಂಡನ ಎಡಗಿವಿಗೂ ಮುಟ್ಟುವಷ್ಟು ಗಟ್ಟಿಯಾಗಿ ಉತ್ತರ ಬರುತ್ತದೆ.

"ಇದ್ದೀನಿ ಕಣ್ರೀ. ಐದು ಮುಚ್ಚಿ."